ಮರಳು ಬಣ್ಣದ ಕವರ್

ಮಾರ್ಚ್ 3, ಸೋಮವಾರ, ಸಂಜೆ

ಕೊನೆಯ ಅಂಚು ಹೊಲಿದು ಮುಗಿಸಿದೆ. ಎರಡು ಸೂಜಿ ಮುರಿದವು. ಕ್ಯಾನ್ವಾಸ್ ಬಟ್ಟೆ, ಮೇಲೆ ಮೂರು ಛಾಯೆಯ ಮರಳು ಬಣ್ಣ — ನಾನೇ ಬಳಿದದ್ದು. ಇಷ್ಟು ವರ್ಷ ಕಾರಿನ ಸೀಟಿಗೆ, ಸೋಫಾಕ್ಕೆ, ಅಂಗಡಿ ಮುಂದಿನ ನೆರಳಿಗೆ ಹೊಲಿದು ಹೊಲಿದು ಬೆರಳು ಸವೆದಿವೆ. ಇಂಥ ಕೆಲಸ ಮಾತ್ರ ಮಾಡಿರಲಿಲ್ಲ. ಇಡೀ ಕಾರಿಗೆ ಒಂದು ಕವರ್. ಒಂದು ಬದಿ ಎತ್ತಿ ಗೂಟಕ್ಕೆ ಕಟ್ಟಿದರೆ ಕೂರಲು ನೆರಳು. ಒಳಗಿಂದ ನೋಡಲು ಜಿಪ್ ಹಾಕಿದ ಕಿಂಡಿ. ಅಲ್ಲೊಂದು ಕಾರಿದೆ ಎಂದು ಯಾವ ಪ್ರಾಣಿಗೂ ತಿಳಿಯಬಾರದು.

ಅಂಗಡಿಯ ಹಿಂದಿನ ಬಯಲಲ್ಲಿ ಹೊದಿಸಿ ಇವಳನ್ನು ಕರೆದೆ. ಒಂದು ಸುತ್ತು ಹಾಕಿದಳು. ಮೂಲೆ ಹಿಡಿದು ಎಳೆದು ನೋಡಿದಳು. "ಪರವಾಗಿಲ್ಲ" ಎಂದಳು. ಡ್ರೈವಿಂಗ್ ಸ್ಕೂಲ್ ನಡೆಸುವವಳು, ಪರೀಕ್ಷೆ ಪಾಸಾದವರಿಗೂ ಅಷ್ಟೇ ಹೇಳುವುದು. ನನಗೆ ರಾತ್ರಿ ಊಟ ಎರಡು ತುತ್ತು ಜಾಸ್ತಿಯೇ ಹೋಗುತ್ತದೆ.

ಮಗಳ ಫೋನ್ ಬಂದಿತ್ತು. "ಅಪ್ಪಾ, ಅಮ್ಮಂಗಂತೂ ಹುಚ್ಚು. ನೀವಾದ್ರೂ ಬುದ್ಧಿ ಹೇಳಬಾರದಾ?" ನಿಮ್ಮಮ್ಮಂಗೆ ಬುದ್ಧಿ ಹೇಳೋ ಧೈರ್ಯ ಇದ್ದಿದ್ರೆ ನಾನು ಇಷ್ಟೊತ್ತಿಗೆ ಮಂತ್ರಿ ಆಗಿರ್ತಿದ್ದೆ ಎಂದೆ. ನಗಲಿಲ್ಲ. ಒಂದು ಬೆಕ್ಕು ನೋಡೋಕೆ ಮರುಭೂಮಿಗೆ ಹೋಗ್ಬೇಕಾ, ನಮ್ಮ ಬೀದೀಲೇ ಬೇಕಾದಷ್ಟಿವೆ ಎಂದಳು. ಮೂರು ತಿಂಗಳಿಂದ ನಾನು ಹೇಳುತ್ತಿರುವುದೂ ಅದೇ. ಆದರೆ ಅವಳ ಬಾಯಲ್ಲಿ ಕೇಳಿದಾಗ ಯಾಕೋ ಕೋಪ ಬಂತು. ಇದು ಬೇರೆ ಬೆಕ್ಕಮ್ಮಾ, ಮರಳು ಬೆಕ್ಕು, ಅಂಗಾಲಿಗೂ ಕೂದಲು, ನಡೆದರೆ ಹೆಜ್ಜೆ ಮೂಡಲ್ಲ, ವಾರಗಟ್ಟಲೆ ನೀರಿಲ್ಲದೆ ಇರುತ್ತೆ... ಇವಳ ಪುಸ್ತಕದಲ್ಲಿರುವುದನ್ನೆಲ್ಲ ಒಪ್ಪಿಸಿಬಿಟ್ಟೆ.

ಮಾರ್ಚ್ 5

ಇವಳು ಇಬ್ಬರಿಗೂ ಬಟ್ಟೆ ತಂದಿದ್ದಾಳೆ. ಪ್ಯಾಂಟು, ಅಂಗಿ, ಟೋಪಿ, ಎಲ್ಲ ಒಂದೇ ಮಾಸಲು ಬಣ್ಣ. ಕನ್ನಡಿಯಲ್ಲಿ ನೋಡಿಕೊಂಡೆ. ಗೋಧಿ ಮೂಟೆಗೆ ಮೀಸೆ ಬಂದ ಹಾಗಿದ್ದೇನೆ. ಕಾರಿನಲ್ಲಿ ಹೊಳೆಯುವ ಜಾಗಕ್ಕೆಲ್ಲ ಟೇಪ್ ಅಂಟಿಸಿದ್ದಾಳೆ. ನನ್ನ ಕೈಗಡಿಯಾರವನ್ನೂ ಬಿಚ್ಚಿಸಿದಳು — ಗಾಜು ಮಿನುಗುತ್ತದಂತೆ. ತಲೆಯೂ ಮಿನುಗುತ್ತೆ, ಮನೇಲೇ ಬಿಟ್ಟು ಬರಲಾ ಎಂದೆ. ಟೋಪಿ ತೆಗೀಬೇಡಿ ಅಷ್ಟೇ, ಎಂದಳು.

ಮಾರ್ಚ್ 6, ಗುರುವಾರ, ರಾತ್ರಿ

ಕೊನೆಯ ಊರು ತಲುಪಿದೆವು. ಒಂದು ಬೀದಿ, ಒಂದು ಪೆಟ್ರೋಲ್ ಬಂಕ್, ಒಂದು ಚಿಕ್ಕ ಆಸ್ಪತ್ರೆ, ಆಮೇಲೆ ಬರೀ ಮರಳು. ಲಾಡ್ಜಿನ ಹಾಸಿಗೆಯಲ್ಲೂ ಮರಳು, ಸೋಪಿನಲ್ಲೂ ಮರಳು.

ಒಳಗೆ ಹೋಗುವವರೆಲ್ಲ ಕಾವಲು ಕಚೇರಿಯಲ್ಲಿ ಸಹಿ ಹಾಕಬೇಕು. ಅಲ್ಲಿನ ಅಧಿಕಾರಿಗೆ ಎದೆಯವರೆಗೆ ಬಿಳಿಗಡ್ಡ. ಒಳ್ಳೆಯ ಮನುಷ್ಯ, ಆದರೆ ಮಗ್ಗಿ ಹೇಳಿಸುವ ಹಾಗೆ ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾನೆ. "ಗುರುತಿಗೆ ಕಂಬ ನೆಟ್ಟಿರೋ ದಾರಿ ಬಿಟ್ಟು ಹೋಗ್ಬೇಡಿ. ಕೆಟ್ಟು ನಿಂತ್ರೆ ಕಾರು ಬಿಟ್ಟು ಹೋಗ್ಬೇಡಿ. ಮೇಲಿಂದ ಕಾರು ಕಾಣುತ್ತೆ, ಮನುಷ್ಯ ಕಾಣಲ್ಲ. ಭಾನುವಾರ ಸಂಜೆ ಬಂದು ಸಹಿ ಹಾಕ್ಲಿಲ್ಲ ಅಂದ್ರೆ ಸೋಮವಾರ ಬೆಳಿಗ್ಗೆ ವಿಮಾನ ಕಳಿಸ್ತೀನಿ." ಒಳಗೆ ಮೊಬೈಲ್ ಹಿಡಿಯುವುದಿಲ್ಲ. ಕಚೇರಿಯಲ್ಲಿದ್ದ ಒಂದೇ ಸ್ಯಾಟಲೈಟ್ ಫೋನನ್ನು ನಮಗಿಂತ ಮುಂಚೆ ಬಂದವರು ಕೊಂಡೊಯ್ದಿದ್ದರು.

"ಇಬ್ಬರೂ ಓಡಿಸ್ತೀರಾ?" ಎಂದು ಕೇಳಿದ.

"ನಾನು ಓಡಿಸ್ತೀನಿ," ಎಂದಳು ಇವಳು.

"ಇವರು?"

"ಇವರು ಹೊಲೀತಾರೆ."

ಬಿಳಿಗಡ್ಡ ಗಡ್ಡ ಹಿಡಿದುಕೊಂಡು ನಕ್ಕ. ಇವಳೂ ನಕ್ಕಳು. ನಾನು ಗೋಡೆಯ ಮೇಲಿನ ನಕ್ಷೆ ನೋಡುತ್ತಾ ನಿಂತೆ. ಮದುವೆಯಾದ ಹೊಸತರಲ್ಲಿ ನನಗೂ ಕಲಿಸಲು ಹೊರಟಿದ್ದಳು. ಮೂರನೇ ವಾರ ಅವಳ ಸ್ಕೂಲಿನ ಬೋರ್ಡಿಗೇ ಗುದ್ದಿದೆ. "ನಿಮ್ಮ ಕಾಲಿಗೆ ಹೊಲಿಗೆ ಮಿಷನ್ನೇ ಸರಿ" ಎಂದಳು, ಕಲಿಯಲು ಬಂದ ಮೂರು ಜನರ ಮುಂದೆ. ಅಂದೇ ಕೊನೆ. ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಅವಳೂ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಮಾರ್ಚ್ 7, ಶುಕ್ರವಾರ

ನಾನು ಬೈದುಕೊಂಡೇ ಬಂದವನು. ಆದರೂ ಬರೆಯಬೇಕು — ಇಂಥದನ್ನು ಕಂಡಿರಲಿಲ್ಲ. ಬೆಳಿಗ್ಗೆ ದಿಬ್ಬಗಳ ಒಂದು ಮೈ ಕೆಂಪು, ಇನ್ನೊಂದು ಮೈ ನೀಲಿ. ನೆತ್ತಿಯ ಗೆರೆ ಕತ್ತರಿಸಿದ ಬಟ್ಟೆಯ ಅಂಚಿನಷ್ಟು ನೇರ. ಗಾಳಿ ಬಂದರೆ ಆ ಗೆರೆಯಿಂದ ಮರಳು ಹೊಗೆಯಾಡುತ್ತದೆ. ಎಲ್ಲೂ ಸದ್ದಿಲ್ಲ. ನನ್ನ ಕಿವಿಯೊಳಗಿನ ಗುಂಯ್ ಎನ್ನುವುದು ನನಗೇ ಕೇಳಿಸಿತು. ನಾನು ಬಾಯಿ ಮುಚ್ಚಿಕೊಂಡು ಇಷ್ಟು ಹೊತ್ತು ಕೂತದ್ದು ಇದೇ ಮೊದಲು ಎಂದು ಇವಳು ಹೇಳಿದಳು.

ಮಧ್ಯಾಹ್ನ ಕವರ್ ಹೊದಿಸಿ ಒಳಗೆ ಕೂತೆವು. ಜಿಂಕೆಗಳು ಬಂದವು, ತೆಳ್ಳಗೆ, ಬಿಳಿ ಹೊಟ್ಟೆಯವು. ಬಂದು ನಮ್ಮ ಬಾನೆಟ್ಟಿನ ನೆರಳಲ್ಲಿ ಮಲಗಿದವು! ಇವಳು ನನ್ನ ತೊಡೆ ಚಿವುಟಿ ಹಿಡಿದಳು. ಸಂಜೆ ದೊಡ್ಡ ಕಿವಿಯ ಪುಟ್ಟ ನರಿಯೊಂದು ಬಂದು, ಮೂಸಿ, ಕವರಿಗೆ ಕಾಲೆತ್ತಿ ಹೋಯಿತು. "ನಿಮ್ಮ ಕೆಲಸಕ್ಕೆ ಸರ್ಟಿಫಿಕೇಟು," ಎಂದಳು. ನಗು ತಡೆದು ತಡೆದು ಇಬ್ಬರಿಗೂ ಹೊಟ್ಟೆನೋವು. ನಿಜ ಹೇಳಬೇಕೆಂದರೆ ಜಂಭದಿಂದ ನನ್ನ ಎದೆ ಎರಡು ಇಂಚು ಅಗಲವಾಗಿತ್ತು.

ಮಾರ್ಚ್ 8, ಶನಿವಾರ, ಸಂಜೆ

ಬೆಕ್ಕು ಇಲ್ಲ. ಬೆಳಗಿನಿಂದ ಇವಳ ಮೂಗಿನ ತುದಿಯಲ್ಲೇ ಕೋಪ. ಬ್ರೆಡ್ ಕೊಟ್ಟರೆ ಬೇಡ, ಚಹಾ ಕೊಟ್ಟರೆ ಆರಿದೆ.

ನೀರಿನ ಹೊಂಡದ ಹತ್ತಿರ ಒಂದು ಗಂಡು ಹಕ್ಕಿ ಎದೆಯನ್ನು ನೀರಿಗೆ ಅದ್ದಿ ಅದ್ದಿ ಹಾರಿಹೋಯಿತು. ಗರಿಯಲ್ಲಿ ನೀರು ಹೀರಿಕೊಂಡು ಮರಿಗಳಿಗೆ ಒಯ್ಯುತ್ತದಂತೆ, ಎಷ್ಟೋ ದೂರ. ನೋಡಿ ಗಂಡಂದಿರು ಹೇಗಿರ್ಬೇಕು ಅಂತ, ಎಂದಳು. ಬೇರೆ ದಿನವಾಗಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಇವತ್ತು ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಸಂಜೆ ಹೇಳಿಯೇಬಿಟ್ಟಳು — ಕಂಬಗಳ ದಾರಿಯಲ್ಲಿ ಎಲ್ಲರೂ ಓಡಾಡುತ್ತಾರೆ, ಬೆಕ್ಕು ಇಲ್ಲಿಗೆ ಯಾಕೆ ಬರುತ್ತೆ. ನಾಳೆ ಪೂರ್ವಕ್ಕೆ ಸ್ವಲ್ಪ ಒಳಗೆ ಹೋಗೋಣ.

"ಗಡ್ಡದವನು ಅಷ್ಟು ಬಾಯಿ ಬಡ್ಕೊಂಡ್ನಲ್ಲ, ಕೇಳಿಸ್ಲಿಲ್ವಾ ನಿಂಗೆ?"

"ಓಡಿಸೋಳು ನಾನು ಕಣ್ರೀ."

ಮೂವತ್ತು ವರ್ಷದಿಂದ ಇದೇ ಮಾತು. ಮುಖ ಊದಿಸಿಕೊಂಡು ಮಲಗುತ್ತೇನೆ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಹೂತುಹೋಗಿದೆ. ಕಾರು. ಹಿಂದಿನ ಎರಡೂ ಚಕ್ರ, ಹೊಟ್ಟೆಯವರೆಗೆ.

ಬೆಳಿಗ್ಗೆ ಒಂದು ಬಿಲದ ಬಾಯಲ್ಲಿ ಹಿಕ್ಕೆ ಸಿಕ್ಕಿತು, ಇಲಿಯ ಬಾಲ ಸಿಕ್ಕಿತು. ಅದೇ, ಅದೇ ಎಂದು ಇವಳು ಕುಣಿದಾಡಿದಳು. ಮರಳಿನ ಮೇಲೆ ಒರೆಸಿದ ಹಾಗೆ ಕಂಡೂ ಕಾಣದ ಗುರುತು — ಅದನ್ನೇ ಹಿಡಿದು ದಿಬ್ಬ ಹತ್ತಿ ಇಳಿದು, ಹತ್ತಿ ಇಳಿದು... ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಮರಳು ಹಿಟ್ಟಿನಷ್ಟು ಮೆತ್ತಗೆ. ಕಾರು ಒಮ್ಮೆ ಕುಸಿಯಿತು, ಮೂತಿ ಮೇಲೆತ್ತಿತು, ನಿಂತಿತು. ಇವಳು ಗೇರ್ ಬದಲಿಸಿದಷ್ಟೂ ಕೆಳಗೆ.

ನಾನು ತಳ್ಳಿದೆ. ಅವಳು ಸಲಿಕೆ ಹಿಡಿದು ತೋಡಿದಳು. ತೋಡಿದಷ್ಟೂ ಬದಿಯಿಂದ ಇಳಿದು ತುಂಬಿಕೊಳ್ಳುತ್ತದೆ. ನಾನು ಬಾಯಿಗೆ ಬಂದದ್ದು ಬೈದೆ. ಅವಳು ತಲೆ ಎತ್ತದೆ ತೋಡುತ್ತಲೇ ಇದ್ದಳು. ಅದು ಕಂಡು ಭಯವಾಯಿತು. ಜಗಳಕ್ಕೆ ಬರದಿದ್ದರೆ ಅವಳೂ ಹೆದರಿದ್ದಾಳೆ ಎಂದೇ ಅರ್ಥ.

ನೀರಿದೆ, ನಾಳೆ ಸಂಜೆವರೆಗೆ ಸಾಲುತ್ತದೆ. ನಾಳೆ ಬೆಳಿಗ್ಗೆ ವಿಮಾನ ಬರುತ್ತದೆ. ಬಿಸಿಲು ಸುಡುತ್ತಿದೆ. ಕವರ್ ಎಳೆದು ಹೊದಿಸಿ, ಒಂದು ಬದಿ ಗೂಟಕ್ಕೆ ಕಟ್ಟಿ ನೆರಳು ಮಾಡಿದ್ದೇನೆ. ಕೆಳಗೆ ಕೂತು ಬರೆಯುತ್ತಿದ್ದೇನೆ. ಒಳ್ಳೆಯ ನೆರಳು.

ಅದೇ ದಿನ, ಕತ್ತಲಾಗುವ ಮುಂಚೆ

"ನನ್ನ ಮುಖ ನೋಡ್ತಾ ಕೂರ್ಬೇಡಿ, ಏನಾದ್ರೂ ಬರೀರಿ" ಎಂದಿದ್ದಾಳೆ. ಬರೆಯುತ್ತೇನೆ.

ಹಾವು ಕಚ್ಚಿದೆ.

ಬಿಸಿಲು ಇಳಿದಾಗ ಇವಳು ನನ್ನ ತೋಳು ಮುಟ್ಟಿದಳು. ಬೆರಳು ತೋರಿಸಿದಳು. ಎದುರಿನ ದಿಬ್ಬದ ಬುಡದಲ್ಲಿ, ಒಣಹುಲ್ಲಿನ ಗುಪ್ಪೆಯ ಪಕ್ಕ, ಬೆಕ್ಕು! ಅಗಲ ಮುಖ, ಬದಿಗೆ ಚಾಚಿದ ಕಿವಿ, ಮೈಯೆಲ್ಲ ಮರಳಿನದೇ ಬಣ್ಣ. ಕಣ್ಣು ಮಿಟುಕಿಸಿದಾಗಷ್ಟೇ ಅಲ್ಲೊಂದು ಜೀವವಿದೆ ಎಂದು ತಿಳಿಯುತ್ತಿತ್ತು. ಇವಳು ಕ್ಯಾಮೆರಾ ಹಿಡಿದು ಎದ್ದಳು. ಸಪ್ಪಳವಾದೀತೆಂದು ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಹೋದಳು. ನಾನು ಬೇಡವೆನ್ನಲಿಲ್ಲ. ಯಾಕೆ ಅನ್ನುತ್ತೇನೆ, ನಾನೂ ಬಾಯಿ ಬಿಟ್ಟುಕೊಂಡು ಬೆಕ್ಕನ್ನೇ ನೋಡುತ್ತಿದ್ದೆ.

ಅರ್ಧ ದಾರಿಯಲ್ಲಿ ನಿಂತಳು. ಭುಜ ಒಮ್ಮೆ ಅದುರಿತು. ಫೋಟೊ ತೆಗೆಯುತ್ತಿದ್ದಾಳೆ ಎಂದುಕೊಂಡೆ. ಬೆಕ್ಕು ಮೈ ನೆಕ್ಕಿಕೊಂಡಿತು. ಬಾಲ ನೆಕ್ಕಿಕೊಂಡಿತು. ಸಾವಕಾಶವಾಗಿ ಎದ್ದು, ಆಕಳಿಸಿ, ದಿಬ್ಬ ಹತ್ತಿ ಆ ಕಡೆ ಇಳಿಯಿತು. ಅಲ್ಲಿಯವರೆಗೂ ಅವಳು ಅಲ್ಲಾಡಲಿಲ್ಲ. ಆಮೇಲೆ ಮೆಲ್ಲಗೆ ಕೂತಳು. ಮೆಲ್ಲಗೇ ಹೇಳಿದಳು — "ರೀ, ಹಾವು."

ಮರಳಲ್ಲಿ ಹೂತು ಮಲಗಿತ್ತಂತೆ. ತಲೆಯ ಮೇಲೆ ಎರಡು ಚಿಕ್ಕ ಕೊಂಬು. ಎಡಗಾಲಿನ ಬೆರಳುಗಳ ಮೇಲೆ ಕಚ್ಚಿದೆ. ಕೂಗಿದರೆ ಬೆಕ್ಕು ಓಡಿಹೋಗುತ್ತಿತ್ತಂತೆ!

ನಾನು ಅರಚಿದೆ. ಹುಚ್ಚಿ, ನಿನಗೇನು ತಲೆ ಕೆಟ್ಟಿದೆಯಾ, ಬೆಕ್ಕು ಹೆಚ್ಚೋ ನಾನು ಹೆಚ್ಚೋ ಎಂದೆಲ್ಲ. ಕಾಲಿಗೆ ಹುರಿ ಬಿಗಿಯಲು ಹೋದೆ. "ಕಟ್ಬೇಡಿ, ಕೊಯ್ಬೇಡಿ. ಕಾಲು ಅಲ್ಲಾಡದ ಹಾಗೆ ಮಾಡಿ, ಅಷ್ಟೇ ಸಾಕು." ನನ್ನ ಹೊಲಿಗೆ ಚೀಲದ ಮರದ ಸ್ಕೇಲನ್ನು ಕಾಲಿಗೆ ಆನಿಸಿ ಬಟ್ಟೆ ಸುತ್ತಿದೆ. ಹೊತ್ತು ತಂದು ಸೀಟಿನಲ್ಲಿ ಮಲಗಿಸಿದೆ. ಪಾದ ಆಗಲೇ ಊದಿ ಹೊಳೆಯುತ್ತಿದೆ.

"ಬೆಳಿಗ್ಗೆ ಬರ್ತಾರೆ," ಎನ್ನುತ್ತಾಳೆ. "ಒಂದು ರಾತ್ರಿ ತಾನೇ." ನನಗೆ ಸಮಾಧಾನ ಹೇಳುತ್ತಿದ್ದಾಳೆ. ಕಚ್ಚಿಸಿಕೊಂಡವಳು ಅವಳು!

ಮಾರ್ಚ್ 10, ಸೋಮವಾರ, ಬೆಳಕು ಹರಿಯುತ್ತಿದೆ

ಇದ್ದಾಳೆ. ಊತ ಮೊಣಕಾಲು ದಾಟಿದೆ. ಚರ್ಮ ನೇರಳೆ. ಎರಡು ಸಲ ವಾಂತಿ. ನೀರು ಕೇಳುತ್ತಾಳೆ, ಕೊಟ್ಟರೆ ಎರಡೇ ಗುಟುಕು. "ನೀವು ಕುಡಿದ್ರಾ?" ಎಂದು ಪ್ರತಿ ಸಲವೂ ಕೇಳುತ್ತಾಳೆ. ಕುಡಿದೆ ಎಂದು ಸುಳ್ಳು ಹೇಳುತ್ತೇನೆ.

ಬಿಸಿಲು ಬಂದರೆ ಕಾರು ಬಾಣಲೆ. ನಸುಕಿನಲ್ಲೇ ಕೆಳಗಿಳಿಸಿ ನೆರಳಲ್ಲಿ ಚಾಪೆ ಹಾಕಿ ಮಲಗಿಸಿದೆ. ಕವರಿನ ಬದಿ ಇನ್ನೂ ಕೆಳಗೆ ಎಳೆದು ಕಟ್ಟಿದೆ, ಒಂದು ಕಿರಣವೂ ಅವಳ ಮೇಲೆ ಬೀಳಬಾರದು. ಗಂಟು ಬಿಗಿಯಾಗಿದೆ. ಎಲ್ಲೂ ಸಂದು ಬಿಟ್ಟಿಲ್ಲ.

ಕಿವಿ ಆಕಾಶದಲ್ಲೇ ಇದೆ.

ಬೆಳಿಗ್ಗೆ, ಸ್ವಲ್ಪ ಹೊತ್ತಿನ ಮೇಲೆ

ಬಂತು. ಹೋಯಿತು.

ಹೇಗೆ ಬರೆಯಲಿ. ದೂರದಲ್ಲಿ ಗುಂಯ್ ಎಂದಿತು. ಇವಳಿಗೇ ಮೊದಲು ಕೇಳಿಸಿದ್ದು. "ರೀ, ಬಂತು ರೀ!" ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದಳು. ನಾನು ಕಟ್ಟಿದ ಗಂಟು ನನಗೇ ಬಿಚ್ಚಲಾಗಲಿಲ್ಲ. ಹೊಟ್ಟೆ ಮೇಲೆ ತೆವಳಿ ಹೊರಗೆ ಬಂದೆ. ಕಾಲು ಹಗ್ಗಕ್ಕೆ ಸಿಕ್ಕಿ ಮುಗ್ಗರಿಸಿದೆ. ಎದ್ದು ಕೈ ಬೀಸಿದೆ, ಕುಣಿದೆ, ಕೂಗಿದೆ. ನೆತ್ತಿಯ ಮೇಲೇ ಬಂತು. ರೆಕ್ಕೆಯ ಮೇಲಿನ ನಂಬರ್ ಕಂಡಿತು ನನಗೆ! ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು. ಈಗ ಇಳಿಯುತ್ತದೆ, ಈಗ ರೆಕ್ಕೆ ಅಲ್ಲಾಡಿಸುತ್ತದೆ... ವಾಲಿಕೊಂಡು ಪಶ್ಚಿಮಕ್ಕೆ ಹೋಯಿತು. ಸದ್ದು ಸಣ್ಣದಾಯಿತು. ಇಲ್ಲವಾಯಿತು.

ಯಾಕೆ ಕಾಣಲಿಲ್ಲ ಎಂದು ತಿರುಗಿ ನೋಡಿದೆ. ಇಪ್ಪತ್ತು ಹೆಜ್ಜೆ ಹಿಂದೆ ನಮ್ಮ ಕಾರಿರಬೇಕಿತ್ತು. ಅಲ್ಲಿ ಕಾರಿರಲಿಲ್ಲ. ಒಂದು ಮರಳು ಗುಡ್ಡೆ ಇತ್ತು. ಮೂರು ಛಾಯೆ, ಅಚ್ಚುಕಟ್ಟು. ನಾನೂ ಅದೇ ಬಣ್ಣದ ಅಂಗಿ, ಅದೇ ಬಣ್ಣದ ಟೋಪಿ.

ಕಾರು ಕಾಣುತ್ತೆ ಎಂದಿದ್ದ ಬಿಳಿಗಡ್ಡ. ಎರಡು ಸಲ ಹೇಳಿದ್ದ.

ರಾತ್ರಿಯಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ವಿಮಾನಕ್ಕೆ ಕಾದೆನಲ್ಲ, ಕವರ್ ತೆಗೆಯಬೇಕೆಂದು ಒಮ್ಮೆಯೂ ತಲೆಗೆ ಹೊಳೆಯಲಿಲ್ಲ. ನೆರಳು ಎಂದುಕೊಂಡಿದ್ದೆ. ಬರೀ ನೆರಳು. ಥೂ ನನ್ನ ಜನ್ಮಕ್ಕೆ.

ಒಳಗೆ ತೆವಳಿಕೊಂಡು ಹೋಗಿ ಅವಳ ಪಕ್ಕ ಕೂತೆ. ಅವಳಿಗೆ ನನಗಿಂತ ಮುಂಚೆಯೇ ಗೊತ್ತಾಗಿತ್ತು. ಮೇಲಿನ ಬಟ್ಟೆಯನ್ನು ನೋಡುತ್ತಾ ಮಲಗಿದ್ದಳು.

"ಹೊಲಿಗೆ ಚೆನ್ನಾಗಿದೆ ರೀ," ಎಂದಳು.

ಬಾಯಿ ತೆರೆದಾಗ ನೋಡಿದೆ. ಒಸಡಿನಲ್ಲಿ ರಕ್ತ.

ಅದೇ ದಿನ, ಬಿಸಿಲು ನೆತ್ತಿಗೆ

ಕವರ್ ಕಿತ್ತು ಹಾಕಿದ್ದೇನೆ. ಟೇಪ್ ಕಿತ್ತು ಕನ್ನಡಿ ಬಿಸಿಲಿಗೆ ಹಿಡಿದೆ. ಸ್ಟೆಪ್ನಿ ಟೈರಿಗೆ ಬೆಂಕಿ ಹಚ್ಚಿದೆ, ಕಪ್ಪು ಹೊಗೆ ಎದ್ದಿತು. ಈಗ ಯಾರಿಗೆ ಕಾಣಬೇಕು? ವಿಮಾನ ಬೇರೆ ಕಡೆ ಹುಡುಕುತ್ತಿದೆ. ಇಲ್ಲಿ ಯಾರೂ ಇಲ್ಲ ಎಂದು ಬರೆದುಕೊಂಡು ಹೋಗಿರುತ್ತಾರೆ.

ಅವಳ ಮೂಗಿನಿಂದಲೂ ರಕ್ತ ಬರುತ್ತಿದೆ. ನಿಲ್ಲುತ್ತಿಲ್ಲ. ಸಂಜೆಯವರೆಗೆ ಕಾಯುವ ಹಾಗಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

"ನೀವು ಓಡಿಸ್ಬೇಕು," ಎಂದಳು.

"ನಂಗೆ ಬರಲ್ಲ ಕಣೇ."

"ಬರಲ್ಲ ಅಂತ ನಂಗೂ ಗೊತ್ತು. ಟೈರಿನ ಗಾಳಿ ಅರ್ಧ ಇಳಿಸಿ ಮೊದ್ಲು. ನಿನ್ನೆ ಗಾಬರೀಲಿ ನಂಗೆ ಹೊಳೀಲಿಲ್ಲ."

ಗಾಳಿ ಇಳಿಸಿದೆ. ಸಲಿಕೆ ಹಿಡಿದೆ. ನಿನ್ನೆ ತೋಡಿದಷ್ಟೂ ತುಂಬಿಕೊಳ್ಳುತ್ತಿತ್ತು, ಇವತ್ತೂ ಅಷ್ಟೇ. ಚಕ್ರದ ಕೆಳಗೆ ಏನಾದರೂ ಹಾಸಬೇಕು. ಹಲಗೆ ಇಲ್ಲ, ಕಲ್ಲಿಲ್ಲ. ಕವರ್ ಕಣ್ಣಿಗೆ ಬಿತ್ತು. ಕತ್ತರಿ ತಂದು ಉದ್ದುದ್ದ ಪಟ್ಟಿ ಕತ್ತರಿಸಿದೆ. ಒಂದು ತಿಂಗಳ ಕೆಲಸ. ಒಂದು ಚೂರೂ ಸಂಕಟವಾಗಲಿಲ್ಲ, ಖುಷಿಯಿಂದ ಕತ್ತರಿಸಿದೆ. ನಾಲ್ಕು ನಾಲ್ಕು ಮಡಿಕೆ ಮಾಡಿ ಚಕ್ರಗಳಿಗೆ ಒತ್ತಿ ತುರುಕಿದ್ದೇನೆ. ಉಳಿದ ನೀರಿನಲ್ಲಿ ಅರ್ಧ ಅವಳ ತಲೆಗೆ ಒದ್ದೆಬಟ್ಟೆ ಮಾಡಿ ಹಾಕಿದೆ. ಹಿಂದಿನ ಸೀಟಿನಲ್ಲಿ ಮಲಗಿಸಿದೆ.

ಡ್ರೈವರ್ ಸೀಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಲ ಕೆಳಗೆ ಮೂರು ಪೆಡಲ್. ಯಾವುದು ಯಾವುದೆಂದು ಕೇಳಬೇಕು. ಕೇಳಿದರೆ ಹೆದರುತ್ತಾಳೋ ಏನೋ. ಕೇಳದಿದ್ದರೆ ಇಬ್ಬರೂ

ಅದೇ ದಿನ, ಮಧ್ಯಾಹ್ನ ಕಳೆದಿದೆ

ಇಂಜಿನ್ ಕಾದು ಹೊಗೆ ಬಂತು. ಆರಲಿ ಎಂದು ನಿಲ್ಲಿಸಿದ್ದೇನೆ. ಸುಮ್ಮನೆ ಕೂತರೆ ಅವಳ ಉಸಿರು ಎಣಿಸುತ್ತೇನೆ. ಅದಕ್ಕೇ ಪೆನ್ನು.

ತಗ್ಗಿನಿಂದ ಹೊರಗೆ ಬಂದೆವು. ಮೊದಲ ಸಲ ಕಾರು ಜಿಗಿದು ಆಫ್ ಆಯಿತು. ಎರಡನೇ ಸಲವೂ. "ಕ್ಲಚ್ ಒದೀಬೇಡಿ," ಎಂದಳು ಹಿಂದಿನಿಂದ, ಅದೇ ಸ್ಕೂಲಿನ ದನಿ. "ಮಿಷನ್ ತುಳೀತೀರಲ್ಲ, ದಪ್ಪ ಬಟ್ಟೆ ಬಂದಾಗ ಹೇಗೆ ನಿಧಾನ ಮಾಡ್ತೀರಿ? ಹಾಗೆ." ಕಣ್ಣು ಮುಚ್ಚಿ, ಸೀಟಿನ ಚರ್ಮದ ಮೇಲೆ ಸೂಜಿ ಇಳಿಯುವಾಗಿನ ಹಾಗೆ ಪಾದ ಬಿಟ್ಟೆ. ಪಟ್ಟಿಗಳು ಚಟಚಟ ಹರಿದವು. ಕಾರು ಎದ್ದಿತು! ನಾನು ಓ ಎಂದು ಕೂಗಿದೆ. "ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ, ಗಟ್ಟಿ ನೆಲ ಸಿಗೋವರೆಗೂ ಹಾಗೇ" ಎಂದಳು.

ಆಮೇಲೆ ದಿಬ್ಬಗಳು. ಹತ್ತುವಾಗ ಆಕಾಶ ಬಿಟ್ಟು ಏನೂ ಕಾಣದು. ಇಳಿಯುವಾಗ ಜೀವ ಬಾಯಿಗೆ. ಅವಳು ಮಲಗಿಕೊಂಡೇ ಇಂಜಿನ್ನಿನ ಸದ್ದು ಕೇಳಿ ಹೇಳುತ್ತಿದ್ದಳು — ಎರಡನೇ ಗೇರ್. ಬ್ರೇಕ್ ಬೇಡ. ಸ್ಟೀರಿಂಗ್ ನೇರ. ಅಡ್ಡ ತಿರುಗಿಸಿದ್ರೆ ಉರುಳ್ತೀವಿ. ನಮ್ಮದೇ ಹಳೆಯ ಚಕ್ರದ ಗುರುತು ಅಲ್ಲಲ್ಲಿ ಉಳಿದಿದೆ, ಅದನ್ನೇ ಹಿಡಿದು ಬಂದೆ. ಬರುಬರುತ್ತಾ ಅವಳ ಮಾತು ಕಡಿಮೆಯಾಯಿತು. ಮೊದಲು ಪೂರ್ತಿ ವಾಕ್ಯ. ಆಮೇಲೆ ಬರೀ "ಗೇರ್". ಆಮೇಲೆ "ಹ್ಞೂಂ". ಈಗ ಎಷ್ಟೋ ಹೊತ್ತಿನಿಂದ ಅದೂ ಇಲ್ಲ.

ನಾನೇ ಮಾತಾಡುತ್ತಾ ಬಂದೆ. ಏನೇನೋ. ಬೈದೆ, ಬೇಡಿಕೊಂಡೆ. ನೀನು ಹೋದರೆ ನನಗೆ ಚಹಾ ಕೂಡ ಸರಿಯಾಗಿ ಮಾಡಲು ಬರಲ್ಲ ಎಂದೆ. ನಿನ್ನ ಬೆಕ್ಕು ಹಾಳಾಗ ಎಂದೆ. ಇಲ್ಲ ಇಲ್ಲ, ಚೆನ್ನಾಗಿತ್ತು, ಚೆನ್ನಾಗಿತ್ತು ಬೆಕ್ಕು, ಎದ್ದು ಮಾತಾಡು ಎಂದೆ.

ಈಗ ತಿರುಗಿ ಕೈ ಹಿಡಿದು ನೋಡಿದೆ. ಬಿಸಿ ಇದೆ. ತುಟಿ ಒರೆಸಿದೆ. ಒಂದು ಕಣ್ಣು ಅರ್ಧ ತೆರೆದಳು.

"ಕಂಬ... ಸಿಕ್ತಾ?"

ಮುಂದೆ ನೋಡಿದೆ. ಸಿಕ್ಕಿದೆ! ಬಿಸಿಲಲ್ಲಿ ನಡುಗುತ್ತಾ, ದೂರದಲ್ಲಿ, ಒಂದು, ಅದರಾಚೆ ಇನ್ನೊಂದು. ಸಿಕ್ತು ಕಣೇ, ಸಿಕ್ತು ಎಂದೆ. ಮತ್ತೆ ಕಣ್ಣು ಮುಚ್ಚಿದಳು.

ಇಂಜಿನ್ ಆರಲಿ ಬಿಡಲಿ. ಹೊರಟೆ.

ಮಾರ್ಚ್ 14, ಶುಕ್ರವಾರ, ಆಸ್ಪತ್ರೆ

ನಾಲ್ಕು ದಿನ ಇದನ್ನು ಮುಟ್ಟಲಿಲ್ಲ.

ಬದುಕಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ. ಬದುಕಿದ್ದಾಳೆ.

ಸೋಮವಾರ ಹೊತ್ತು ಮುಳುಗುವಾಗ ಕಾವಲು ಕಚೇರಿ ಮುಟ್ಟಿದೆ. ನಿಲ್ಲಿಸುವುದು ಹೇಗೆಂದು ಆ ಗಳಿಗೆಯಲ್ಲಿ ಮರೆತೇಹೋಯಿತು. ಗೇಟಿಗೆ ಗುದ್ದಿ ನಿಂತೆ. ಬಿಳಿಗಡ್ಡ ಓಡಿಬಂದ. ಅವನೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದು. ವಿಷಕ್ಕೆ ಇಂಜೆಕ್ಷನ್, ಬಾಟಲಿ ಬಾಟಲಿ ರಕ್ತ ಏರಿಸಿದರು. ಎರಡು ದಿನ ಡಾಕ್ಟರಮ್ಮ ನನ್ನ ಮುಖ ನೋಡಿ ಮಾತಾಡಲಿಲ್ಲ. ಬುಧವಾರ ನೋಡಿದರು. "ಇನ್ನೊಂದೆರಡು ಗಂಟೆ ತಡ ಆಗಿದ್ರೆ ಕಷ್ಟ ಇತ್ತು," ಎಂದರು. ಎರಡು ಬೆರಳು ಹೋಗಿವೆ, ಎಡಗಾಲಿನವು. ಪಾದ ಉಳಿಯುತ್ತದೆ. ನಡೆಯುತ್ತಾಳೆ. ಕ್ಲಚ್ ತುಳಿಯಲು ಆಗುತ್ತಾ ಎಂದು ಕೇಳಿದೆ. ಮೊದಲು ನಡೀಲಿ ಬಿಡಿ ಎಂದರು.

ಬಿಳಿಗಡ್ಡ ನಿನ್ನೆ ಬಂದಿದ್ದ, ಹಣ್ಣು ಹಿಡಿದುಕೊಂಡು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ — "ಪೈಲಟ್‌ಗೆ ಅನ್ನ ಇಳೀತಿಲ್ಲ. ಎರಡು ಸಲ ಸುತ್ತಿದೆ, ಅಲ್ಲಿ ಏನೂ ಇರ್ಲಿಲ್ಲ, ಏನೂ ಇರ್ಲಿಲ್ಲ ಅಂತಾನೆ." ನಾನು ಹಣ್ಣಿನ ಚೀಲ ನೋಡುತ್ತಿದ್ದೆ. ಅವನಿಗೆ ಅರ್ಧ ಗೊತ್ತು ಅನ್ನಿಸಿತು. ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡ ಬಟ್ಟೆ ಚೂರುಗಳನ್ನು ನೋಡಿದ್ದಾನೆ. ಕೇಳಲಿಲ್ಲ.

ಮಗಳು ಇವತ್ತು ಬೆಳಿಗ್ಗೆ ಬಂದಳು. ಮೊದಲು ತಾಯಿಯನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಬೈದಳು. ಬೈಯುವುದರಲ್ಲಿ ತಾಯಿಯ ಮಗಳೇ. ಅಪ್ಪ ಕಾರು ಓಡಿಸಿದರು ಎಂದು ನರ್ಸ್ ಹೇಳಿದಾಗ ನಂಬಲಿಲ್ಲ. ನನ್ನ ಕಡೆ ನೋಡಿದಳು, ಕೈ ನೋಡಿದಳು. ನನ್ನ ಪಕ್ಕ ಬಂದು ಭುಜಕ್ಕೆ ತಲೆ ಇಟ್ಟಳು. ನಾನು ಹೀರೋ ಆಗಿಬಿಟ್ಟೆ ಅವಳ ಪಾಲಿಗೆ. ಮೈಮೇಲೆ ಇರುವೆ ಹರಿದ ಹಾಗಾಯಿತು.

ಆಮೇಲೆ ಕೇಳಿದಳು. ಕೇಳುತ್ತಾಳೆಂದು ಗೊತ್ತಿತ್ತು.

"ಅಲ್ಲಮ್ಮಾ, ವಿಮಾನ ತಲೆ ಮೇಲೇ ಬಂದಿತ್ತಂತಲ್ಲ. ಅಷ್ಟು ದೊಡ್ಡ ಕಾರು ಕಾಣ್ಲಿಲ್ವಾ ಅವರಿಗೆ? ಕುರುಡರಾ?"

ನಾನು ಬಾಯಿ ತೆರೆದೆ. ಹೇಳಿಬಿಡಬೇಕೆಂದೇ ತೆರೆದೆ. ಆಣೆ ಮಾಡಿ ಬರೆಯುತ್ತೇನೆ, ಹೇಳುವವನಿದ್ದೆ.

"ಮೋಡ ಇತ್ತು," ಎಂದಳು ಇವಳು. ಕಣ್ಣು ಮುಚ್ಚಿಕೊಂಡೇ.

"ಮರುಭೂಮೀಲಿ ಮೋಡಾನಾ?"

"ಇತ್ತು ಕಣೇ. ಒಂದೇ ಒಂದು. ಸರಿಯಾಗಿ ನಮ್ಮ ಮೇಲೆ."

"ಹೌದಾ ಅಪ್ಪಾ?"

ಇವಳ ಬೆರಳು ಹಾಸಿಗೆಯ ಅಂಚಿನಿಂದ ಬಂದು ನನ್ನ ಅಂಗಿಯ ತುದಿ ಹಿಡಿಯಿತು. ಹಿಡಿದೇ ಇತ್ತು.

"ಹೌದು," ಎಂದೆ.

ಮಗಳು ಕಾಫಿ ತರಲು ಕೆಳಗೆ ಹೋಗಿದ್ದಾಳೆ. ಕೋಣೆಯಲ್ಲಿ ನಾವಿಬ್ಬರೇ. ಇಲ್ಲಾದರೂ ನಿಜ ಬರೆಯುತ್ತೇನೆ — ಮೋಡ ಇರಲಿಲ್ಲ. ಆಕಾಶ ತೊಳೆದಿಟ್ಟ ಹಾಗಿತ್ತು. ಮೂವತ್ತು ವರ್ಷದಲ್ಲಿ ಈ ಹೆಂಗಸು ನನ್ನ ಒಂದು ತಪ್ಪನ್ನೂ ಹಾಗೇ ಬಿಟ್ಟವಳಲ್ಲ. ಸಾರಿಗೆ ಉಪ್ಪು ಜಾಸ್ತಿಯಾದದ್ದನ್ನು ವರ್ಷಗಟ್ಟಲೆ ಆಡುತ್ತಾಳೆ. ಬೋರ್ಡಿಗೆ ಗುದ್ದಿದ್ದನ್ನು ಊರಿಗೆಲ್ಲ ಹೇಳಿದ್ದಾಳೆ. ಇದೊಂದನ್ನು...

ನಿದ್ದೆ ಬಂದಿಲ್ಲ ಅವಳಿಗೆ. ರೆಪ್ಪೆ ಅದುರುತ್ತಿದೆ. ಅಂಗಿ ಇನ್ನೂ ಬಿಟ್ಟಿಲ್ಲ. ಅಲುಗಾಡದೆ ಕೂತು, ಮೊಣಕಾಲ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಮೆಟ್ಟಿಲ ಮೇಲೆ ಮಗಳ ಚಪ್ಪಲಿ ಸದ್ದು. ಅವಳು ಒಳಗೆ ಬರುವಷ್ಟರಲ್ಲಿ ಕವರಿನ ವಿಷಯಕ್ಕೆ ಇವಳಿಗೊಂದು ಮಾತು ಹೇಳಬೇಕು. ನಾನು